ಭಾನುವಾರದ ಸೂಜಿ

ಕನಿಶಾಯ್ ಅಂಗಳಕ್ಕೆ ಬಂದಾಗ ಬುರ್ಮಾಕಾನ್ ಆಲೂಗಡ್ಡೆ ಆರಿಸುತ್ತ ಕೂತಿದ್ದಳು. ದಪ್ಪನೆಯವು ನೆಲಮಾಳಿಗೆಗೆ, ಗುದ್ದಲಿ ತಾಗಿ ಗಾಯವಾದವು ಈ ವಾರದ ಅಡುಗೆಗೆ, ಗೋಲಿಯಂಥವು ಹಸುವಿಗೆ. ಬೆಟ್ಟದ ತುದಿಯಲ್ಲಿ ಆಗಲೇ ಮೊದಲ ಹಿಮ ಬಿದ್ದು ಬೆಳ್ಳಗೆ ಕಾಣುತ್ತಿತ್ತು.

"ಅಪಾ, ನಿಮ್ಮನ್ನೇ ನೋಡೋಕೆ ಬಂದೆ."

"ನೋಡು. ಇದ್ದೀನಿ. ಕೂತ್ಕೊಂಡು ನೋಡಿದ್ರೆ ನಾಲ್ಕು ಆಲೂಗಡ್ಡೆನೂ ಆರಿಸಬಹುದು."

ಕನಿಶಾಯ್ ನಗುತ್ತ ಕುಕ್ಕುರುಗಾಲಲ್ಲಿ ಕೂತಳು. ಆ ಕಣಿವೆಯಲ್ಲಿ ಹಿರಿಯ ಹೆಂಗಸರೆಲ್ಲ 'ಅಪಾ', ಹಿರಿಯ ಗಂಡಸರೆಲ್ಲ 'ಬೈಕೆ'. ತೊರುಸೂ ಊರಿನ ಸಂತೆದಾರಿಯಲ್ಲಿರುವ ಒಂದೇ ಒಂದು ಔಷಧಿ ಅಂಗಡಿ ಅವಳದು. ವಯಸ್ಸು ಮೂವತ್ತೆಂಟು, ಮಾತು ಚುರುಕು, ನಡಿಗೆ ಅದಕ್ಕಿಂತ ಚುರುಕು. ಇವತ್ತು ಮಾತ್ರ ಒಂದೇ ಆಲೂಗಡ್ಡೆಯನ್ನು ಕೈಯಲ್ಲಿ ಉರುಳಿಸುತ್ತಲೇ ಇದ್ದಳು.

"ಏನಾಯ್ತು, ಹೇಳು ಮಗಳೇ."

"ಸೂಜಿ ವಿಷಯ ಅಪಾ."

ವಿಷಯ ಬುರ್ಮಾಕಾನಳಿಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಊರಿನ ಚಿಕಿತ್ಸಾಲಯ ತೆರೆಯುವುದು ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಗುರುವಾರ. ಮೇಲಿನ ಕಣಿವೆಗಳ ಕುರಿಗಾಹಿಗಳು ಕೆಳಗಿಳಿಯುವುದು ವಾರಕ್ಕೆ ಒಂದೇ ದಿನ, ಭಾನುವಾರದ ಕುರಿಸಂತೆಗೆ. ಹಾಗಾಗಿ ಚಿಕಿತ್ಸಾಲಯವೂ ಕುರಿಗಾಹಿಗಳೂ ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಟ್ಟಲೆ ಬಾಳುತ್ತಿದ್ದರು. ಮಕ್ಕಳ ಲಸಿಕೆಗಳು ತಪ್ಪುತ್ತಿದ್ದವು. ಕನಿಶಾಯ್ ಜಿಲ್ಲೆಯವರೆಗೆ ಅಲೆದು, ನರೀನ್ ಪಟ್ಟಣದಲ್ಲಿ ಮೂರು ವಾರ ತರಬೇತಿ ಪಡೆದು, ಭಾನುವಾರದ ದಿನ ತನ್ನ ಅಂಗಡಿಯಲ್ಲೇ ಲಸಿಕೆ ಹಾಕುವ ಅನುಮತಿ ತಂದಿದ್ದಳು. ಅಂಗಡಿಯ ಹಿಂದಿನ ಕೋಣೆಗೆ ಸುಣ್ಣ ಬಳಿಸಿ, ಪರದೆ ಕಟ್ಟಿ, ಹೊಸ ಶೀತಪೆಟ್ಟಿಗೆಯನ್ನೂ ಇಟ್ಟಿದ್ದಳು.

"ಐದು ಭಾನುವಾರ ಆಯ್ತು ಅಪಾ. ಎಷ್ಟು ಜನ ಬಂದ್ರು ಹೇಳಿ?"

"ನೂರು?"

"ಇಬ್ಬರು. ಒಬ್ಬರು ಅಂಚೆ ಜುಮಾಶ್ ಬೈಕೆ. ಅವರಿಗೆ ಸೂಜಿ ಚುಚ್ಚಿಸ್ಕೊಳ್ಳೋದು ಅಂದ್ರೆ ಮೊದಲಿಂದ್ಲೂ ಇಷ್ಟವಂತೆ. ಇನ್ನೊಬ್ರು ಒಳಗೆ ಬಂದು, ಅಂಗಿ ತೋಳು ಮಡಚಿ, 'ಇದು ಕುದುರೆ ಕೆಮ್ಮಿಗೂ ಆಗುತ್ತಾ' ಅಂತ ಕೇಳಿ, ಆಗಲ್ಲ ಅಂದಿದ್ದಕ್ಕೆ ತೋಳು ಇಳಿಸ್ಕೊಂಡು ಹೋದ್ರು."

ಬುರ್ಮಾಕಾನ್ ಬಾಯಿಗೆ ಸೆರಗಿನಂತೆ ತಲೆವಸ್ತ್ರದ ತುದಿ ಹಿಡಿದು ನಕ್ಕಳು. "ಜನ ಏನಂತಾರೆ?"

"'ಕೆಮ್ಮಿನ ಮಾತ್ರೆ ಮಾರೋಳು ಇವತ್ತು ಸೂಜಿ ಚುಚ್ತಾಳೆ, ನಾಳೆ ರೊಟ್ಟಿ ಮಾರೋಳು ಹಲ್ಲು ಕೀಳ್ತಾಳೆ' ಅಂತಾರೆ. ನಾನು ಹೇಳಿದ್ರೆ ವ್ಯಾಪಾರ ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ. ಈ ಕಣಿವೆಲಿ ನೀವು ಚುಚ್ಚದೇ ಇರೋ ತೋಳು ಯಾವುದಿದೆ?"

ಬುರ್ಮಾಕಾನ್ ಮೂವತ್ತೊಂದು ವರ್ಷ ಲಸಿಕೆ ದಾದಿಯಾಗಿದ್ದವಳು. ಕೆಲಸ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಗಂಡ ತೀರಿಕೊಂಡು ಐದು ವರ್ಷ. ಅವಳು ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದಳು. ಮಣ್ಣು ಮೆತ್ತಿದ ಬೆರಳುಗಳು ಗಾಳಿಗೆ ಎಲೆಯಾಡಿದಂತೆ ಆಡುತ್ತಿದ್ದವು.

"ಇದನ್ನ ನೋಡಿ ಹೇಳು. ಈ ಕೈಯಲ್ಲಿ ಚಹಾ ಬಟ್ಟಲು ಹಿಡಿದ್ರೆ ಅರ್ಧ ಚಹಾ ನೆಲಕ್ಕೆ."

"ನೀವು ಸೂಜಿ ಮುಟ್ಟೋದೇ ಬೇಡ. ಅದು ನನ್ನ ಕೆಲಸ. ನೀವು ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತ್ರೆ ಸಾಕು."

"ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸ್ತಾರಲ್ಲ, ಹಾಗಾ?"

"ಬೆದರುಬೊಂಬೆ ಹಕ್ಕಿ ಓಡಿಸುತ್ತೆ ಅಪಾ. ನೀವು ಕರೀಬೇಕು."

ಬುರ್ಮಾಕಾನ್ ಆಗಲಿ ಎನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ಆದರೆ ಭಾನುವಾರ ಬೆಳಗ್ಗೆ ಪೆಟ್ಟಿಗೆಯ ತಳದಿಂದ ತನ್ನ ಬಿಳಿ ಮೇಲಂಗಿಯನ್ನು ತೆಗೆದು ನೋಡಿದಳು. ಎದೆಯ ಹತ್ತಿರ ಬಿಗಿಯಾಗುತ್ತಿತ್ತು. ಗುಂಡಿ ಹಾಕದೆಯೇ ತೊಟ್ಟುಕೊಂಡು ಸಂತೆದಾರಿ ಹಿಡಿದಳು.

ಹಿಂದಿನ ಕೋಣೆಯಲ್ಲಿ ಅವಳಿಗೆ ಮೊದಲು ಕೊರತೆಯೆನಿಸಿದ್ದು ವಾಸನೆ. ಅಲ್ಲಿ ಯಾವ ವಾಸನೆಯೂ ಇರಲಿಲ್ಲ. ಕಾಗದದ ಪೊಟ್ಟಣ ಹರಿದರೆ ಒಂದು ಸೂಜಿ, ಚುಚ್ಚಿದ ಮೇಲೆ ಅದು ಹಳದಿ ಡಬ್ಬಿಗೆ, ಅಲ್ಲಿಗೆ ಮುಗಿಯಿತು. ಅವಳ ಕಾಲದಲ್ಲಿ ಗಾಜಿನ ಸಿರಿಂಜುಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಕುದಿಸಬೇಕಿತ್ತು. ಮೇಲಿನ ಹುಲ್ಲುಗಾವಲುಗಳಲ್ಲಿ ಸೌದೆಯೆಲ್ಲಿ? ಬೆರಣಿಯ ಒಲೆ. ಹೊಗೆ, ಸ್ಪಿರಿಟ್ಟು, ಕುರಿಯ ಉಣ್ಣೆ, ಪಕ್ಕದ ಒಲೆಯಲ್ಲಿ ಕಾಯುತ್ತಿರುವ ಹಾಲು, ಇವೆಲ್ಲ ಸೇರಿದ್ದೇ ಅವಳ ಮಟ್ಟಿಗೆ ಲಸಿಕೆಯ ವಾಸನೆ. ಈಗಲೂ ಎಲ್ಲಾದರೂ ಬೆರಣಿಯ ಹೊಗೆ ಕಂಡರೆ ಅವಳ ಬಲಗೈ ತಾನಾಗಿ ಹತ್ತಿ ಹುಡುಕುತ್ತಿತ್ತು.

ಆ ದಿನ ಮೊದಲು ಒಳಗೆ ಇಣುಕಿದವನು ಮಾಂಸದಂಗಡಿಯ ಸಿದಿಕ್. ಐವತ್ತರ ಆಸುಪಾಸಿನ ಆಳು, ಬಾಗಿಲ ತುಂಬ ಇದ್ದ.

"ಅಯ್ಯೋ, ಬುರ್ಮಾಕಾನ್ ಅಪಾ! ನೀವಿನ್ನೂ ಇದ್ದೀರಾ?"

"ನಿನ್ನ ಬಿಟ್ಟು ಹೇಗೋ ಹೋಗ್ಲಿ? ಏಳು ವರ್ಷದವನಿದ್ದಾಗ ಸೂಜಿಗೆ ಹೆದರಿ ಕುರಿಮಂದೆಯೊಳಗೆ ನಾಲ್ಕು ಕಾಲಲ್ಲಿ ನಿಂತ್ಕೊಂಡಿದ್ದೆ. ನಿಮ್ಮಪ್ಪ ನಿನ್ನನ್ನ ಕಿವಿ ಹಿಡಿದು ಎಳ್ಕೊಂಡು ಬರೋವರೆಗೆ ನಾನು ಕುರಿ ಅಂತಲೇ ಅಂದ್ಕೊಂಡಿದ್ದೆ."

ಹೊರಗೆ ನಿಂತಿದ್ದವರು ಹೋ ಎಂದರು. ಸಿದಿಕ್‌ನ ಕಿವಿ ಕೆಂಪಾಯಿತು. "ಈಗೇನು ಹೆದರ್ತೀನಾ?" ಎಂದು ಅವನು ಅಂಗಿ ಬಿಚ್ಚಿಯೇಬಿಟ್ಟ. ಎಡತೋಳಿನ ಮೇಲೆ ಹಳೆಯ ಕಲೆ, ಕಡಲೆಬೇಳೆಯಷ್ಟಿತ್ತು. ಬುರ್ಮಾಕಾನ್ ಬಗ್ಗಿ ನೋಡಿದಳು. "ಇದು ನನ್ನದೇ," ಎಂದಳು, ತನ್ನ ಕೈಬರಹ ಗುರುತಿಸುವವಳಂತೆ. ಕನಿಶಾಯ್ ಚಳಿಗಾಲದ ಜ್ವರದ ಲಸಿಕೆ ಚುಚ್ಚಿದ್ದು ಅವನಿಗೆ ತಿಳಿಯಲೇ ಇಲ್ಲ.

"ಆಯ್ತಾ? ಚುಚ್ಚೇ ಇಲ್ವಲ್ಲ!"

"ಚುಚ್ಚಿಯಾಯ್ತು ಬೈಕೆ."

"ಹಾಗಾದ್ರೆ ಇವಳ ಕೈ ನಿಮ್ಮ ಕೈಗಿಂತ ಹಗುರ ಅಪಾ," ಎಂದು ಅವನು ಸಂತೆಗೆಲ್ಲ ಕೇಳುವಂತೆ ಹೇಳಿದ. ಬುರ್ಮಾಕಾನಳಿಗೆ ಚುರುಕ್ಕೆಂದಿತು, ಸಂತೋಷವೂ ಆಯಿತು.

ಆ ಭಾನುವಾರ ಒಂಬತ್ತು ಜನ ಬಂದರು. ಮುಂದಿನ ಭಾನುವಾರ ಅಂಗಡಿಯ ಮುಂದೆ ಕುದುರೆ ಕಟ್ಟಲು ಜಾಗ ಸಾಲಲಿಲ್ಲ. ಬಂದವರೆಲ್ಲ ಲಸಿಕೆಗೆಂದೇ ಬರುತ್ತಿದ್ದರೆಂದಲ್ಲ. ಕೆಲವರು ಬುರ್ಮಾಕಾನ್ ಜೊತೆ ಹಳೆಯದನ್ನು ಮಾತಾಡಲು ಬಂದು, ನಾಚಿಕೆಗೆ ತೋಳೊಡ್ಡಿ ಹೋಗುತ್ತಿದ್ದರು.

ಮಧ್ಯಾಹ್ನ ಜನ ಕರಗಿದ ಮೇಲೆ ಕನಿಶಾಯ್ ಚಹಾ ಸುರಿದು, ನಾನ್ ಮುರಿದಿಟ್ಟು, "ಹೇಳಿ ಅಪಾ, ಆ ಕಾಲದಲ್ಲಿ ಹೇಗಿತ್ತು?" ಎಂದು ಕೇಳುತ್ತಿದ್ದಳು. ಬುರ್ಮಾಕಾನಳಿಗೆ ಅಷ್ಟು ಸಾಕಿತ್ತು.

ಕಂದು ಬಣ್ಣದ ಹೆಣ್ಣುಕುದುರೆ. ತಡಿಯ ಎರಡೂ ಕಡೆ ಚೀಲ. ಒಂದರಲ್ಲಿ ಸಿರಿಂಜಿನ ಪೆಟ್ಟಿಗೆ, ಇನ್ನೊಂದರಲ್ಲಿ ಮಂಜುಗಡ್ಡೆ ತುಂಬಿದ ದೊಡ್ಡ ಥರ್ಮಾಸು, ಅದರೊಳಗೆ ಲಸಿಕೆಯ ಸಣ್ಣ ಸೀಸೆಗಳು. ಜೂನಿನಲ್ಲಿ ಜನ ದನಕರುಗಳೊಂದಿಗೆ ಮೇಲಿನ ಹುಲ್ಲುಗಾವಲಿಗೆ ಏರಿದ ಮೇಲೆ ಅವಳೂ ಏರುತ್ತಿದ್ದಳು. ಕಂಬಳಿಗುಡಾರಗಳು ದೂರದಿಂದ ಹುಲ್ಲಿನ ಮೇಲೆ ಬಿದ್ದ ಅಣಬೆಗಳಂತೆ ಕಾಣುತ್ತಿದ್ದವು. ಮೊದಲು ನಾಯಿಗಳು, ಆಮೇಲೆ ಮಕ್ಕಳು, ಆಮೇಲೆ "ದಾದಿ ಬಂದ್ಲು" ಎಂಬ ಕೂಗು. ಆ ಕೂಗಿನೊಂದಿಗೆ ಮಕ್ಕಳೆಲ್ಲ ಮಾಯ. ಪೋಲಿಯೊ ಹನಿಯ ದಿನ ಮಾತ್ರ ಯಾರೂ ಓಡುತ್ತಿರಲಿಲ್ಲ, ಏಕೆಂದರೆ ಅದನ್ನು ಸಕ್ಕರೆ ಅಚ್ಚಿನ ಮೇಲೆ ಹಾಕಿ ಕೊಡುತ್ತಿದ್ದರು.

"ಒಂದು ಸಲ ಏನಾಯ್ತು ಗೊತ್ತಾ? ಮಕ್ಕಳನ್ನ ಸಾಲಲ್ಲಿ ನಿಲ್ಲಿಸಿ ಸಕ್ಕರೆ ಕೊಡ್ತಾ ಬರ್ತಿದ್ದೀನಿ. ಕೊನೇಲಿ ನೋಡಿದ್ರೆ ಒಂದು ಮಗು ಮಂಡಿಯೂರಿ ಬಾಯಿ ತೆಕ್ಕೊಂಡು ನಿಂತಿದೆ. ಮಗುವಿಗೆ ಮೀಸೆ!"

"ಒಮುರ್ಜಾಕ್ ಬೈಕೆ!" ಎಂದು ಕನಿಶಾಯ್ ಕಿರುಚಿದಳು. ಬುರ್ಮಾಕಾನ್ ತನ್ನ ಗಂಡನನ್ನು ಮೊದಲು ಕಂಡ ಆ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ.

"ಇಪ್ಪತ್ತಾರು ವರ್ಷದ ಕುರಿಗಾಹಿ. 'ನನಗ್ಯಾಕೆ ಸಕ್ಕರೆ ಇಲ್ಲ, ನಾನೂ ನಮ್ಮಮ್ಮನ ಮಗುನೇ' ಅಂತಾನೆ. ಹೋಗಾಚೆ ಅಂದೆ. ಹೋಗಲಿಲ್ಲ. ಅವತ್ತು ಅಲ್ಲಿ ಕುದುರೆಯಾಟ ಇತ್ತು, ನೋಡ್ಕೊಂಡೇ ಹೋಗಬೇಕು ಅಂತ ಹಟ ಹಿಡಿದ. ನಾನು ಓಡಿಸ್ತೀನಿ, ನನ್ನನ್ನ ಬೆನ್ನಟ್ಟಿ ಹಿಡಿದ್ರೆ ಚಾವಟಿ ಏಟು ಕೊಡು ಅಂದ. ಹಿಡಿದೆ. ಬೆನ್ನ ಮೇಲೆ ಕೊಟ್ಟೆ ನೋಡು ಒಂದು! ಎಲ್ಲ ಬಿದ್ದು ಬಿದ್ದು ನಕ್ರು. ಕುಮಿಸ್ ಕುಡಿಸಿದ್ರು. ಹುದುಗಿದ ಕುದುರೆ ಹಾಲು, ಬಿಸಿಲು, ಇಪ್ಪತ್ನಾಲ್ಕು ವರ್ಷ… ತಲೆ ತಿರುಗದೇ ಇರುತ್ತಾ?"

ಇಷ್ಟು ಹೇಳಿ ಪ್ರತಿ ಸಲವೂ ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಆಮೇಲೇನಾಯಿತು ಎಂದು ಕನಿಶಾಯ್ ಎಂದೂ ಕೇಳಿರಲಿಲ್ಲ. ಆಮೇಲೆ ಮದುವೆ ಆಯಿತು, ಇನ್ನೇನು?

ಜನವರಿಯಲ್ಲಿ ದಡಾರ ಬಂತು. ಮೊದಲು ಪಟ್ಟಣದಲ್ಲಿ, ಆಮೇಲೆ ಪಕ್ಕದ ಕಣಿವೆಯಲ್ಲಿ ಎಂದು ಸುದ್ದಿ. ದಡಾರದ ಲಸಿಕೆಯನ್ನೂ ಕನಿಶಾಯ್‌ಳ ಶೀತಪೆಟ್ಟಿಗೆಗೆ ಕಳಿಸಿದರು. ಆ ಭಾನುವಾರ ಅಂಗಡಿಯ ಮುಂದೆ ಕೂಸುಗಳ ಅಳು ಕುರಿಗಳ ಅರಚಾಟವನ್ನು ಮೀರಿಸುತ್ತಿತ್ತು. ಬುರ್ಮಾಕಾನ್ ಒಂದೊಂದು ಮಗುವನ್ನೂ ತೊಡೆಯ ಮೇಲೆ ಕೂರಿಸಿಕೊಂಡು, ಅದರ ಕಾಲನ್ನು ತನ್ನ ಕಾಲುಗಳ ನಡುವೆ ಹಿಡಿದು, ಕಿವಿಯಲ್ಲಿ ಏನೋ ಗುನುಗುತ್ತಿದ್ದಳು. ಅಷ್ಟರಲ್ಲಿ ಕನಿಶಾಯ್ ಕೆಲಸ ಮುಗಿಸುತ್ತಿದ್ದಳು.

ಆಗ ಒಳಗೆ ಬಂದವರು ಇಬ್ಬರು ಹೆಂಗಸರು. ಮುಂದಿದ್ದವಳು ಬುರ್ಮಾಕಾನಳಷ್ಟೇ ವಯಸ್ಸಿನ ಮುದುಕಿ, ಒಣಗಿದ ಕಟ್ಟಿಗೆಯಂಥ ಮೈ. ಹಿಂದಿದ್ದವಳಿಗೆ ನಲವತ್ತು ದಾಟಿರಬಹುದು. ಅವಳ ತೋಳಿನಲ್ಲಿ ಕೆಂಪು ಟೋಪಿಯ ಒಂದು ಕೂಸು.

"ಬನ್ನಿ ಅಪಾ, ಮಗುವಿಗೆ ಎಷ್ಟು ತಿಂಗಳು?" ಎಂದು ಕನಿಶಾಯ್ ಚಿಕ್ಕವಳನ್ನು ನೋಡಿ ಕೇಳಿದಳು.

"ಅವಳಿಗೆ ಕೇಳಿಸಲ್ಲ. ನನ್ನ ಕೇಳು," ಎಂದಳು ಮುದುಕಿ. "ಮಗಳು. ಕಿವಿ ಇಲ್ಲ, ಮಾತೂ ಇಲ್ಲ. ಇದು ಅವಳ ಮೊಮ್ಮಗು, ಹದಿನಾಲ್ಕು ತಿಂಗಳು. ತಾಯಿ ಬಿಷ್ಕೆಕ್‌ನಲ್ಲಿ ಬಟ್ಟೆ ಹೊಲೀತಾಳೆ." ಹೇಳುತ್ತ ಅವಳ ಕಣ್ಣು ಬಾಗಿಲ ಪಕ್ಕದ ಕುರ್ಚಿಯ ಕಡೆ ಹೊರಳಿತು. ಮಾತು ಅಲ್ಲೇ ನಿಂತಿತು.

ಬುರ್ಮಾಕಾನ್‌ಗೂ ಗುರುತು ಸಿಕ್ಕಿತ್ತು. ಮುಖಕ್ಕಿಂತ ಮೊದಲು ದನಿ. ತೊಕ್ತೊಕಾನ್.

"ನೀನಾ," ಎಂದಳು ತೊಕ್ತೊಕಾನ್. "ಇವತ್ತು ಬಂದ್ಯಾ?"

ಬುರ್ಮಾಕಾನ್ ಕುರ್ಚಿಯಿಂದ ಅರ್ಧ ಎದ್ದಳು.

"ನಲವತ್ತೆರಡು ವರ್ಷ ಆಯ್ತು. ಸ್ವಲ್ಪ ತಡವಾಯ್ತು ಅಷ್ಟೆ," ಎಂದು ಮುದುಕಿ ಮಗಳ ತೋಳು ಹಿಡಿದು ತಿರುಗಿಸಿದಳು. ಮಗಳು ಏನು ಎಂಬಂತೆ ಹುಬ್ಬೇರಿಸಿ, ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕನಿಶಾಯ್ ಓಡಿ ಹೋಗಿ, "ಅಪಾ, ಮಗುವಿಗೆ ಹಾಕಿಸ್ಕೊಂಡು ಹೋಗಿ, ಪಕ್ಕದ ಕಣಿವೇಲಿ ದಡಾರ ಇದೆ" ಎಂದು ಅಂಗಲಾಚಿದರೂ ನಿಲ್ಲಲಿಲ್ಲ. ಕುದುರೆಗಾಡಿ ಏರಿ ಹೊರಟೇಹೋದರು.

ಸಂಜೆ ಅಂಗಡಿಯ ಬಾಗಿಲೆಳೆದ ಮೇಲೆ ಬುರ್ಮಾಕಾನ್ ತಾನೇ ಬಾಯಿ ಬಿಟ್ಟಳು. ಅವಳ ಕಥೆ ಪ್ರತಿ ಸಲ ನಿಲ್ಲುತ್ತಿದ್ದ ಜಾಗದಿಂದ ಮುಂದಕ್ಕೆ.

"ಆ ಕುದುರೆಯಾಟದ ದಿನ ನಾನು ಅಲ್ಲಿ ನಿಲ್ಲಬಾರದಿತ್ತು ಮಗಳೇ. ಥರ್ಮಾಸಿನ ಮಂಜು ಎರಡೇ ದಿನ ಇರೋದು. ಆ ವರ್ಷ ಬಿಸಿಲು ಜಾಸ್ತಿ, ದಾರೀಲಿ ಎಲ್ಲೂ ಹಿಮ ಉಳಿದಿರಲಿಲ್ಲ. ಮೇಲೆ ಕೊನೇ ಗುಡಾರದಲ್ಲಿ ಒಂದೇ ಒಂದು ಮಗು ಬಾಕಿ, ದಡಾರದ ಲಸಿಕೆ. ಮಧ್ಯಾಹ್ನವೇ ಹೊರಟಿದ್ರೆ ಮುಟ್ತಿದ್ದೆ. ನಗ್ತಾ ಕುಣೀತಾ ಉಳ್ಕೊಂಡೆ. ಮಾರನೇ ದಿನ ಅರ್ಧ ದಾರೀಲಿ ಮುಚ್ಚಳ ತೆಗೆದು ನೋಡಿದ್ರೆ ನೀರು, ಉಗುರು ಬೆಚ್ಚಗೆ. ಕೆಟ್ಟ ಲಸಿಕೆ ಹಾಕೋ ಹಾಗಿಲ್ಲ. ಕಲ್ಲಿನ ಮೇಲೆ ಚೆಲ್ಲಿ ವಾಪಸ್ ಬಂದೆ. ಪುಸ್ತಕದಲ್ಲಿ ಏನು ಬರೆದೆ ಗೊತ್ತಾ? 'ಹೊಳೆ ತುಂಬಿದ್ದರಿಂದ ದಾಟಲಾಗಲಿಲ್ಲ' ಅಂತ. ಆ ತಿಂಗಳ ಲಸಿಕೆ ಮುಗಿದುಹೋಗಿತ್ತು. ಮುಂದಿನದು ಬರೋದ್ರೊಳಗೆ ದಡಾರ ಬಂತು. ಮಗು ಬದುಕಿತು. ಕಿವಿ ಹೋಯ್ತು."

ಕನಿಶಾಯ್ ಪಕ್ಕದಲ್ಲಿ ಬಂದು ಕೂತಳು.

"ನನ್ನ ಬದುಕಿನಲ್ಲಿ ಅಷ್ಟು ಚೆಂದದ ದಿನ ಇನ್ನೊಂದಿಲ್ಲ. ಅದನ್ನ ನೆನೆಸ್ಕೊಂಡಾಗೆಲ್ಲ ಮೊದಲು ನಗು ಬರುತ್ತೆ, ಹಿಂದೆನೇ ಆ ಕೂಸು ಬರುತ್ತೆ. ಒಮುರ್ಜಾಕ್‌ಗೂ ಹೇಳಲಿಲ್ಲ ನಾನು. ಹೇಳಿದ್ರೆ ಅವನ ಪಾಲಿಗೂ ಆ ದಿನ ಹಾಳಾಗ್ತಿತ್ತು."

ಅಷ್ಟು ಹೇಳಿ ಎದ್ದು ನಿಂತಳು. "ನಿನ್ನ ಕಾರು ಎಲ್ಲೀವರೆಗೆ ಹೋಗುತ್ತೆ?"

ಕನಿಶಾಯ್‌ಳ ಹಳೆಯ ನೀವಾ ಕಾರು ಬುಧವಾರ ಬೆಳಗ್ಗೆ ಹೊಳೆಯ ಸೇತುವೆಯವರೆಗೆ ಹೋಯಿತು. ಅಲ್ಲಿಂದಾಚೆ ಹಿಮ ಮೊಣಕಾಲು ಮುಚ್ಚುತ್ತಿತ್ತು. ಸೇತುವೆಯ ಬಳಿಯ ಮನೆಯವರು ಒಂದು ಸಾಧು ಕುದುರೆ ಕೊಟ್ಟರು. "ಅಪಾ, ನಿಮ್ಮ ಕೈಲಾಗುತ್ತಾ?" ಎಂದ ಕನಿಶಾಯ್‌ಗೆ ಬುರ್ಮಾಕಾನ್, "ಕೈಯಲ್ಲಿ ಯಾರು ಸವಾರಿ ಮಾಡ್ತಾರೆ? ಮಂಡಿಯಲ್ಲಿ ಮಾಡೋದು" ಎಂದು ರೇಗಿ, ಬೇಲಿಯ ಕಂಬ ಹತ್ತಿ ತಡಿಯ ಮೇಲೆ ಕೂತಳು. ಹದಿನೈದು ವರ್ಷದಿಂದ ಅವಳು ಕುದುರೆ ಏರಿರಲಿಲ್ಲ. ನೂರು ಹೆಜ್ಜೆಯೊಳಗೆ ಸೊಂಟ ನೋಯತೊಡಗಿತು. ಆದರೆ ಕುದುರೆಯ ಮೈಬಿಸಿ ತೊಡೆಗೆ ತಾಗಿ, ಹಿಮದಲ್ಲಿ ಗೊರಸು ಕರಕರ ಎನ್ನುವುದು ಕೇಳಿ, ಅವಳಿಗೆ ತನಗೆಷ್ಟು ವಯಸ್ಸೆಂಬುದು ಒಂದು ಕ್ಷಣ ಮರೆತೇಹೋಯಿತು. ಕನಿಶಾಯ್ ಲಗಾಮು ಹಿಡಿದು ಮುಂದೆ ನಡೆದಳು.

ತೊಕ್ತೊಕಾನಳ ಚಳಿಗಾಲದ ಮನೆ ಗುಡ್ಡದ ಮರೆಯಲ್ಲಿತ್ತು. ಮಣ್ಣಿನ ಗೋಡೆ, ಕುರಿಹಟ್ಟಿ, ಹೊಗೆಕೊಳವೆ. ನಾಯಿ ಬೊಗಳಿದ್ದಕ್ಕೆ ಹೊರಬಂದ ಮುದುಕಿ ಕುದುರೆಯ ಮೇಲಿದ್ದವಳನ್ನು ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಆದರೂ ಮನೆಬಾಗಿಲಿಗೆ ಬಂದವರನ್ನು ಚಳಿಯಲ್ಲಿ ನಿಲ್ಲಿಸುವುದು ಅಲ್ಲಿಯ ರೀತಿಯಲ್ಲ. ಒಳಗೆ ಕರೆದು, ಜಮಖಾನದ ಮೇಲೆ ಕೂರಿಸಿ, ಚಹಾ ಕೊಟ್ಟಳು. ಬಟ್ಟಲು ಮುಂದಿಟ್ಟ ರೀತಿಯಲ್ಲೇ ಸಿಟ್ಟಿತ್ತು. ಒಲೆಯ ಹತ್ತಿರ ಮಗಳು ಐಜಿರೆಕ್ ಉಣ್ಣೆಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಕುರಿಗೊಂಬಿನ ಚಿತ್ರ ಬರೆದು ಕತ್ತರಿಸುತ್ತಿದ್ದಳು. ಅವಳ ಉಣ್ಣೆಹಾಸುಗಳಿಗೆ ಪಟ್ಟಣದಲ್ಲೂ ಹೆಸರಿತ್ತು. ಕೂಸಿನ ಹೆಸರು ಅಕ್ಮರಾಲ್, ಅದು ಕತ್ತರಿಸಿ ಬಿದ್ದ ತುಂಡುಗಳನ್ನು ಬಾಯಿಗಿಟ್ಟುಕೊಳ್ಳುತ್ತಿತ್ತು.

"ನಾನು ಲಸಿಕೆ ತಂದಿಲ್ಲ," ಎಂದಳು ಬುರ್ಮಾಕಾನ್. "ಒಂದು ಮಾತು ಹೇಳೋಕೆ ಬಂದೆ."

"ಹೇಳು."

ಹೇಳಿದಳು. ಸಕ್ಕರೆ, ಮೀಸೆ, ಕುದುರೆಯಾಟ, ಕುಮಿಸ್, ಬೆಚ್ಚಗಾದ ನೀರು, ಪುಸ್ತಕದಲ್ಲಿ ಬರೆದ ಸುಳ್ಳು, ಒಂದನ್ನೂ ಬಿಡದೆ. ತೊಕ್ತೊಕಾನ್ ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಒಲೆಗೆ ಎರಡು ಬೆರಣಿ ಒಟ್ಟಿದಳು.

"ಹೊಳೆ ತುಂಬಿತ್ತು ಅಂತ ನನಗೂ ಹೇಳಿದ್ರು," ಎಂದಳು. "ಆವತ್ತು ಹೊಳೆ ಮೊಣಕಾಲುದ್ದ ಇತ್ತು. ನನ್ನ ಗಂಡ ಅದೇ ದಿನ ಕುದುರೆ ಮೇಲೆ ದಾಟಿ ಬಂದಿದ್ದ, ಷರಾಯಿ ಕೂಡ ನೆನೆದಿರಲಿಲ್ಲ. ನಾನು ಮೂರು ದಿನ ಬೋರ್ಸೋಕ್ ರೊಟ್ಟಿ ಕರಿದಿಟ್ಕೊಂಡು ದಾರಿ ಕಾದೆ. ಮಗುವಿನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೊಸ ಅಂಗಿ ಹಾಕಿ. ಬರಲಿಲ್ಲ. ಬರದೇ ಇರೋದು ಉಂಟು, ಮಂಜು ಕರಗೋದೂ ಉಂಟು. ನನ್ನ ಸಿಟ್ಟು ಅದಕ್ಕಲ್ಲ. ಹೊಳೆ ಮೇಲೆ ಹಾಕಿದ್ರಲ್ಲ, ಅದಕ್ಕೆ. ಯಾರಾದ್ರೂ ಒಬ್ಬರು ಬಂದು ನಿಜ ಹೇಳ್ತಾರೇನೋ ಅಂತ ಕಾದೆ. ಆಮೇಲೆ ಕಾಯೋದನ್ನ ಬಿಟ್ಟೆ."

"ತಪ್ಪಾಯ್ತು."

"ನನ್ನ ಹತ್ರ ಹೇಳಬೇಡ. ಅವಳ ಹತ್ರ ಹೇಳು."

ತೊಕ್ತೊಕಾನ್ ಮಗಳ ಭುಜ ತಟ್ಟಿ, ಕೈಗಳಿಂದ ಮಾತಾಡತೊಡಗಿದಳು. ಅದು ಆ ಮನೆಯೊಳಗೇ ಹುಟ್ಟಿ ಬೆಳೆದ ಭಾಷೆ. ಬೆರಳುಗಳು ಕುದುರೆಯಾದವು, ಥರ್ಮಾಸಾದವು, ಬಿಸಿಲಾದವು. ಐಜಿರೆಕ್ ಕತ್ತರಿ ಕೆಳಗಿಟ್ಟು ನೋಡಿದಳು. ಒಮ್ಮೆ ತನ್ನ ಕಿವಿ ಮುಟ್ಟಿಕೊಂಡಳು, ಬುರ್ಮಾಕಾನಳ ಕಡೆ ನೋಡಿದಳು. ಐಜಿರೆಕ್ ಎದ್ದು ಬಂದು ಅವಳ ಎದುರಿಗೇ ಕೂತಳು. ಮುಖ ಓದುವವಳಂತೆ ಬಹಳ ಹೊತ್ತು ನೋಡಿ, ತನ್ನ ಮೂಗಿನ ಕೆಳಗೆ ಎರಡು ಬೆರಳಿಟ್ಟು ಇಲ್ಲದ ಮೀಸೆಯನ್ನು ಹುರಿಮಾಡಿ, ಗಲ್ಲ ಸವರಿ, ಹುಬ್ಬು ಹಾರಿಸಿದಳು.

"ಏನಂತಾಳೆ?" ಎಂದಳು ಬುರ್ಮಾಕಾನ್.

ತೊಕ್ತೊಕಾನ್ ಮುಖ ಸಿಂಡರಿಸಿದಳು. "ಆ ಗಂಡಸು ನೋಡೋಕೆ ಚೆನ್ನಾಗಿದ್ನಾ ಅಂತ ಕೇಳ್ತಿದ್ದಾಳೆ. ಇವಳ ಬುದ್ಧಿಗಿಷ್ಟು!"

ಬುರ್ಮಾಕಾನ್ ನಗಲು ಹೋಗಿ ಅತ್ತಳು. ಅಳುತ್ತಲೇ ಹೌದೆಂದು ತಲೆಯಾಡಿಸಿದಳು. ಚೆನ್ನಾಗಿದ್ದ, ಬಹಳ ಚೆನ್ನಾಗಿದ್ದ. ಐಜಿರೆಕ್ ಮತ್ತೆ ಕೈಯಾಡಿಸಿದಳು.

"ಅವನನ್ನೇ ಮದುವೆ ಆದ್ಯಾ ಅಂತ."

"ಆದೆ. ಮೂವತ್ತಾರು ವರ್ಷ ಬಾಳಿದೆ."

"ಅಷ್ಟಾದ್ರೂ ಆಯ್ತಲ್ಲ," ಎಂದಳು ತೊಕ್ತೊಕಾನ್. "ಆವತ್ತು ಅಷ್ಟೆಲ್ಲ ಕುಣಿದು ಬೇರೆ ಯಾವನನ್ನೋ ಕಟ್ಕೊಂಡಿದ್ದಿದ್ರೆ ನಾನು ಈಗಲೇ ನಿನ್ನ ಹೊರಗೆ ಹಾಕ್ತಿದ್ದೆ. ಚಹಾ ಕುಡಿ, ಆರ್ತಿದೆ."

ಬುರ್ಮಾಕಾನ್ ಬಟ್ಟಲು ಎತ್ತಿದಳು. ಎಂದಿನಂತೆ ಚಹಾ ತುಳುಕಿ ಜಮಖಾನದ ಮೇಲೆ ಚೆಲ್ಲಿತು. ಐಜಿರೆಕ್ ಸುಮ್ಮನೆ ಕೈ ಮುಂದೆ ಮಾಡಿ, ಬಟ್ಟಲಿನ ತಳವನ್ನು ತನ್ನ ಅಂಗೈಯಿಂದ ಆನಿಸಿ ಹಿಡಿದಳು. ಬುರ್ಮಾಕಾನ್ ಕುಡಿದು ಮುಗಿಸುವವರೆಗೂ ಹಿಡಿದೇ ಇದ್ದಳು.

ಹೊರಡುವಾಗ ಕನಿಶಾಯ್ ಕೇಳಿದಳು. "ಭಾನುವಾರ ಮಗೂನ ಕರ್ಕೊಂಡು ಬರ್ತೀರಾ ಅಪಾ?"

"ಬರ್ತೀವಿ ಅಂತ ಹೇಳಲ್ಲ," ಎಂದಳು ತೊಕ್ತೊಕಾನ್. "ಹೇಳಿ ಬರದೇ ಇರೋದು ನಿಮ್ಮ ಕಡೆಯವರ ಪದ್ಧತಿ. ನೋಡೋಣ."

ಆ ಭಾನುವಾರ ಅವರು ಬರಲಿಲ್ಲ. ಶನಿವಾರ ಹಿಮ ಸುರಿದು ಮೇಲಿನ ದಾರಿ ಮುಚ್ಚಿತ್ತು. ಬುರ್ಮಾಕಾನ್ ದಿನವಿಡೀ ಬಾಗಿಲ ಕಡೆ ನೋಡಿದಳು. ಯಾರ ಮಗು ತೊಡೆಯ ಮೇಲಿದೆ ಎಂಬುದೂ ಮರೆಯುತ್ತಿತ್ತು. ದಾರಿ ನೋಡುವುದೆಂದರೆ ಏನು ಎಂಬುದು ಅವಳಿಗೆ ಆ ದಿನ ತಿಳಿಯಿತು. ಮೂರು ದಿನ ಹೀಗೆ ಕಾದವಳನ್ನು ನೆನೆದು ಮೈಯೆಲ್ಲ ಬಿಸಿಯಾಯಿತು.

ಅದರ ಮುಂದಿನ ಭಾನುವಾರ ಹತ್ತು ಗಂಟೆಗೆ ಒಂದು ಟ್ರ್ಯಾಕ್ಟರು ಗಡಗಡ ಸದ್ದು ಮಾಡುತ್ತ ಸಂತೆಯೊಳಗೇ ನುಗ್ಗಿ ಬಂತು. ಕುರಿಗಳು ದಿಕ್ಕಾಪಾಲು. ಹಿಂದಿನ ಟ್ರೇಲರಿನಲ್ಲಿ ಹುಲ್ಲು ಹಾಸಿ, ರಜಾಯಿ ಹೊದ್ದು, ಮೇಲಿನ ಕಣಿವೆಯ ಐದು ಮನೆಯವರು. ನಡುವೆ ಸೇನಾಪತಿಯಂತೆ ತೊಕ್ತೊಕಾನ್.

"ಇಳೀರಿ, ಇಳೀರಿ! ದೊಡ್ಡವರು ಆಮೇಲೆ, ಮಕ್ಕಳು ಮೊದಲು. ಏ, ಆ ಹುಡುಗಿ ಮೂಗು ಒರೆಸು, ದಾದಿ ಮುಂದೆ ಮರ್ಯಾದೆ ಹೋಗುತ್ತೆ!"

ಹನ್ನೊಂದು ಮಕ್ಕಳಿದ್ದರು. ಕೆಲವರಿಗೆ ಹುಟ್ಟಿದಾಗಿನದು ಬಿಟ್ಟರೆ ಒಂದು ಲಸಿಕೆಯೂ ಆಗಿರಲಿಲ್ಲ. ಕನಿಶಾಯ್ ಒಬ್ಬೊಬ್ಬರ ಚೀಟಿಯನ್ನೂ ನಿಧಾನವಾಗಿ ನೋಡಿ, ಹಣೆ ಮುಟ್ಟಿ, ಯಾರಿಗೆ ಯಾವುದು ಎಂದು ಬರೆದುಕೊಂಡಳು. ಒಬ್ಬ ಹುಡುಗನಿಗೆ ಜ್ವರವಿದ್ದದ್ದರಿಂದ ಇವತ್ತು ಬೇಡವೆಂದು ವಾಪಸು ಕೂರಿಸಿದಳು. ಅವನು ಸಂತೋಷದಿಂದ ಕುಣಿದ.

ಅಕ್ಮರಾಲ್ ಎಲ್ಲರಿಗಿಂತ ಕೊನೆಗೆ. ಬುರ್ಮಾಕಾನ್ ಕೈ ಚಾಚಿದಳು. ಐಜಿರೆಕ್ ಕೂಸನ್ನು ಕೊಟ್ಟಳು, ಮಗ್ಗುಲಲ್ಲೇ ನಿಂತಳು. ಸೂಜಿ ಹೋದಾಗ ಕೂಸು ಒಂದು ಕ್ಷಣ ಉಸಿರು ಕಟ್ಟಿ, ಆಮೇಲೆ ಸಂತೆಯೆಲ್ಲ ಕೇಳುವಂತೆ ಚೀರಿತು. ಐಜಿರೆಕ್‌ಗೆ ಆ ಚೀತ್ಕಾರ ಕೇಳದು. ಅವಳು ಕೂಸಿನ ತೆರೆದ ಬಾಯಿ ನೋಡಿ, ಅದರ ಎದೆಯ ಮೇಲೆ ಅಂಗೈಯಿಟ್ಟು, ಒಳಗೆ ಎದ್ದು ಬೀಳುತ್ತಿದ್ದ ಅಳುವನ್ನು ಕೈಯಲ್ಲಿ ಹಿಡಿದುಕೊಂಡಳು. ಅವಳ ಮುಖದಲ್ಲಿ ನಗು ಹರಡಿತು. ಬುರ್ಮಾಕಾನ್ ಬೇರೆ ಕಡೆ ನೋಡಿದಳು.

ಮಕ್ಕಳದಾದ ಮೇಲೆ ದೊಡ್ಡವರು ಚಳಿಗಾಲದ ಜ್ವರದ ಲಸಿಕೆಗೆ ತೋಳು ಮಡಚಿದರು. ತೊಕ್ತೊಕಾನ್ ಹಾಕಿಸಿಕೊಂಡು, ಹತ್ತಿಯನ್ನು ಒತ್ತಿಹಿಡಿದು, ಕುರ್ಚಿಯಲ್ಲಿದ್ದವಳ ಕಡೆ ತಿರುಗಿದಳು.

"ನೀನು ಹಾಕಿಸ್ಕೊಂಡ್ಯಾ?"

ಬುರ್ಮಾಕಾನ್ ಶೀತಪೆಟ್ಟಿಗೆಯ ಮೇಲಿನ ಅಂಕಿ ಓದುವವಳಂತೆ ಮಾಡಿದಳು.

"ಏನೇ, ನಿನ್ನನ್ನೇ ಕೇಳಿದ್ದು."

"ನನಗ್ಯಾಕೆ? ನಾನು ಗಟ್ಟಿಯಾಗಿದ್ದೀನಿ."

ಕನಿಶಾಯ್‌ಳ ಕಣ್ಣು ಅಗಲವಾಯಿತು. "ಅಪಾ! ಮೂರು ತಿಂಗಳಿಂದ ಇಲ್ಲೇ ಕೂತಿದ್ದೀರಿ. ಹಾಕಿಸ್ಕೊಂಡೇ ಇಲ್ವಾ?"

"ನೀನು ಕೇಳಲಿಲ್ಲ."

"ಹೆದರ್ತಾಳೆ!" ಎಂದು ತೊಕ್ತೊಕಾನ್ ತೊಡೆ ತಟ್ಟಿದಳು. "ಊರಿಗೆಲ್ಲ ಮೂವತ್ತು ವರ್ಷ ಚುಚ್ಚಿದವಳು ಸೂಜಿಗೆ ಹೆದರ್ತಾಳೆ, ನೋಡ್ರೇ!"

"ಮೂವತ್ತೊಂದು," ಎಂದಳು ಬುರ್ಮಾಕಾನ್. "ಮತ್ತೆ ಚುಚ್ಚೋದು ಬೇರೆ, ಚುಚ್ಚಿಸ್ಕೊಳ್ಳೋದು ಬೇರೆ."

ಹೊರಗೆ ಸಿದಿಕ್‌ನವರೆಗೂ ಸುದ್ದಿ ಹೋಗಿ, ಅವನು ಮಾಂಸದ ಕತ್ತಿ ಹಿಡಿದೇ ಓಡಿಬಂದು ಬಾಗಿಲಲ್ಲಿ ನಿಂತ. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಬುರ್ಮಾಕಾನ್ ಮೇಲಂಗಿಯ ತೋಳನ್ನು ಏರಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ತೊಕ್ತೊಕಾನ್ ಬಂದು ಅವಳ ಇನ್ನೊಂದು ಕೈಯನ್ನು ತನ್ನ ಒಣಗಿದ ಬೆರಳುಗಳೊಳಗೆ ಹಿಡಿದಳು.

"ಉಸಿರು ಬಿಡು," ಎಂದಳು. "ಕೈ ಯಾಕಿಷ್ಟು ತಣ್ಣಗಿದೆ? ಮನೆಗೆ ಹೋಗಿ ಏನು ತಿಂತೀಯ ಒಬ್ಬಳೇ? ನಮ್ಮ ಟ್ರ್ಯಾಕ್ಟರಲ್ಲಿ ಜಾಗ ಇದೆ, ಎರಡು ದಿನ ಮೇಲೆ ಬಂದಿರು."

"ಆಲೂಗಡ್ಡೆ ತರ್ಲಾ?" ಎಂದಳು ಬುರ್ಮಾಕಾನ್, ಕಣ್ಣು ತೆರೆಯದೆ. "ದಪ್ಪನೆಯವು ಇವೆ."

"ತಾ. ಆದ್ರೆ ಬೇಗ, ಹೊತ್ತು ಇಳೀತಿದೆ."